ಪೋಲೆಂಡಮ್ಮನ ಕರಿ ಕಂಬಳಿ

ಫೆಬ್ರವರಿ ಒಂಬತ್ತು, ಸೋಮವಾರ. ಬೆಳಿಗ್ಗೆ ಏಳೂವರೆಗೆ ಬರೆಯಲು ಕೂತೆ.

ಇದು ಪೋಲೆಂಡ್ ದೇಶದ ಒಬ್ಬ ಕಲಾವಿದೆಯ ವಿಷಯ. ಅವರು ಉಣ್ಣೆಯಲ್ಲಿ ಕೆಲಸ ಮಾಡುವವರು, ವಯಸ್ಸು ಐವತ್ತೆರಡು. ಹೋದ ವರ್ಷಕ್ಕೆ ಹಿಂದಿನ ಅಕ್ಟೋಬರಿನಲ್ಲಿ ಚಿತ್ರದುರ್ಗಕ್ಕೆ ಬಂದು, ಹತ್ತು ತಿಂಗಳು ನಮ್ಮ ಜಿಲ್ಲೆಯಲ್ಲೇ ಇದ್ದು, ಒಂದೇ ಒಂದು ಕೃತಿ ಮಾಡಿಸಿದರು. ನಾನಾಗ ಇಂಗ್ಲಿಷ್ ಎಂ.ಎ. ಮುಗಿಸಿ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೆ. ಕಾಲೇಜಿನ ಮೇಡಂ ಒಬ್ಬರು ಹೇಳಿದ್ದರಿಂದ ಅವರಿಗೆ ದುಭಾಷಿಯಾದೆ. ಆಯಾ ದಿನ ನಡೆದದ್ದನ್ನು ತಾರೀಖು ಹಾಕಿ ಬರೆದಿಡುವುದು ನನಗೆ ಪಿಯುಸಿಯಿಂದಲೂ ಇರುವ ರೂಢಿ. ಹಾಗಾಗಿ ಇಲ್ಲಿ ಹೇಳುವ ತಿಂಗಳುಗಳಲ್ಲಿ ತಪ್ಪಿರಲಾರದು. ಯಾರ ಹೆಸರನ್ನೂ ಹಾಕಿಲ್ಲ. ಕೆಲವರು ಹಾಕಬೇಡ ಅಂದರು. ಉಳಿದವರನ್ನು ಕೇಳುವ ದಾರಿ ನನಗಿಲ್ಲ.

ಅವರ ಹೆಸರು ಇಲ್ಲಿ ಯಾರ ಬಾಯಲ್ಲೂ ತಿರುಗಲಿಲ್ಲ. ಮೊದಲ ವಾರದಲ್ಲೇ ಅವರು ಪೋಲೆಂಡಮ್ಮ ಆದರು. ಕರೆದರೆ ತಿರುಗಿ ನೋಡುತ್ತಿದ್ದರು.

ನವೆಂಬರಿನಲ್ಲಿ ಹೊಸದುರ್ಗದ ಕಡೆ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದಾಗ ಹೋಗಿದ್ದೆವು. ಕಪ್ಪು ಕುರಿಯ ಉಣ್ಣೆ ಮಾತ್ರ ಬೇಕು, ಬಣ್ಣ ಹಾಕಿದ್ದು ಬೇಡ ಎಂದು ಅವರು ಹೇಳಿದ್ದನ್ನು ಕುರಿ ಮಂದೆಯ ಯಜಮಾನನಿಗೆ ಹೇಳಿದೆ. ಅವನು ಕತ್ತರಿ ಕೆಳಗಿಟ್ಟ.

"ಅವ್ರೂರಾಗೆ ಕುರಿ ಇಲ್ವೇನವ್ವ?"

"ಅವೆ. ಬಿಳೀವು."

"ಬಿಳೀವು ಬಿಟ್ಟು ಕರೇವು ಹುಡುಕ್ಕಂಡು ಇಷ್ಟು ದೂರ ಬಂದ್ರಾ? ನಾವು ಹೆಣ್ಣು ನೋಡಾಕೆ ಹೋದ್ರೆ ಇದರ ಉಲ್ಟಾ ಮಾಡ್ತೀವಿ."

ಅವನೇನಂದ ಎಂದು ಕೇಳಿದರು. ಹೇಳಿದೆ. ಅವರು ನಕ್ಕು ನಕ್ಕು ಉಣ್ಣೆಯ ರಾಶಿಯ ಮೇಲೇ ಕೂತುಬಿಟ್ಟರು. ಆ ಹತ್ತು ತಿಂಗಳಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಬರೆದಿಟ್ಟಿರುವುದು ಮೂರೇ ಸಲ.

ನೇಯ್ಗೆ ನಡೆದದ್ದು ಹಿರಿಯೂರಿನ ಹತ್ತಿರ, ಬಬ್ಬೂರಿಗಿಂತ ಸ್ವಲ್ಪ ಆಚೆ ಒಂದು ಹಳ್ಳಿಯಲ್ಲಿ. ಅಲ್ಲಿ ಒಬ್ಬ ಅಜ್ಜ ಕುಣಿ ಮಗ್ಗದಲ್ಲಿ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕಂಬಳಿ ನೇಯುತ್ತಾರೆ, ಅಜ್ಜಿ ರಾಟೆಯಲ್ಲಿ ನೂಲು ತೆಗೆಯುತ್ತಾರೆ. ಪೋಲೆಂಡಮ್ಮ ಕೇಳಿದ್ದು ಹನ್ನೆರಡು ಉದ್ದನೆಯ ಪಟ್ಟಿಗಳು. ಒಂದೊಂದೂ ಮೂರು ಮಹಡಿಯ ಎತ್ತರದಿಂದ ಇಳಿಬೀಳುವಷ್ಟು ಉದ್ದ ಇರಬೇಕು. ಅಜ್ಜನಿಗೆ ಉದ್ದದ ಬಗ್ಗೆ ತಕರಾರಿರಲಿಲ್ಲ. ತಕರಾರು ಬಂದದ್ದು ಗಂಜಿಯ ಮಾತಿಗೆ. ಕಂಬಳಿ ನೇಯ್ದಾದ ಮೇಲೆ ಹುಣಸೆಬೀಜದ ಗಂಜಿ ಹಚ್ಚಿ ಬಿಸಿಲಿಗೆ ಒಣಗಿಸುತ್ತಾರೆ. ಆಗ ಅದು ಬಿರುಸಾಗುತ್ತದೆ, ಆಕಾರ ಕೆಡುವುದಿಲ್ಲ. ಪೋಲೆಂಡಮ್ಮ ಅದನ್ನು ಹಚ್ಚಲೇಬಾರದು ಎಂದರು.

"ಗಂಜಿ ಇಲ್ದಿದ್ರೆ ಜೋತು ಬೀಳತೈತೆ," ಅಂದರು ಅಜ್ಜ.

"ಜೋತು ಬೀಳಬೇಕು ಅಂತಲೇ ಅಂತಾರೆ ಅಜ್ಜ."

"ಜೋತು ಬಿದ್ದ ಕಂಬ್ಳಿ ನೋಡಿದ್ರೆ ಜನ ನೇದೋನ್ನ ಬೈತಾರೆ ಕಣವ್ವ, ನೇಯ್ಸಿದೋರ್ನಲ್ಲ."

ಅಜ್ಜಿ ರಾಟೆಯ ಮುಂದಿನಿಂದಲೇ ಹೇಳಿದರು: "ಪೋಲೆಂಡಿನೋರು ಬಸ್ ಹತ್ಕಂಡು ಹಿರಿಯೂರಿಗೆ ಬಂದು ನಿನ್ನ ಬೈತಾರಾ? ಸುಮ್ನೆ ನೇಯಿ."

ಪೋಲೆಂಡಮ್ಮ ಕಲಿತ ಮೊದಲ ಕನ್ನಡ ವಾಕ್ಯ "ಗಂಜಿ ಬ್ಯಾಡ." ಪ್ರತಿ ಸಲ ಮಗ್ಗದ ಮನೆಗೆ ಹೋದಾಗ ಚಪ್ಪಲಿ ಬಿಡುತ್ತಲೇ ಅದನ್ನು ಹೇಳುತ್ತಿದ್ದರು. ಅಜ್ಜ ಮಗ್ಗದ ಕುಣಿಯಿಂದಲೇ "ಬ್ಯಾಡ್ರಿ, ಬ್ಯಾಡ. ಬರ್ರಿ, ಕುಂತ್ಕಳ್ರಿ" ಅನ್ನುತ್ತಿದ್ದರು. ಅಜ್ಜ ಆ ಮಾತಿಗೆ ಕೊನೆಯವರೆಗೂ ತಪ್ಪಲಿಲ್ಲ. ಹನ್ನೆರಡರಲ್ಲಿ ಒಂದಕ್ಕೂ ಗಂಜಿ ಮುಟ್ಟಿಸಲಿಲ್ಲ.

ಜೋತು ಬೀಳಬೇಕು ಯಾಕೆ ಎಂಬುದು ನನಗೆ ತಿಳಿದದ್ದು ಬಸ್ಸಿನಲ್ಲಿ. ಚಿತ್ರದುರ್ಗದಿಂದ ಹಿರಿಯೂರಿಗೆ ವಾರಕ್ಕೆ ಎರಡು ಸಲ ಹೋಗುತ್ತಿದ್ದೆವು. ಅವರು ಕಿಟಕಿ ಪಕ್ಕ ಕೂತು, ಒಂದೊಂದು ಸಲ ಒಂದೊಂದು ತುಂಡು ಹೇಳುತ್ತಿದ್ದರು. ನಾನು ಅದನ್ನು ಜೋಡಿಸಿ ಬರೆದುಕೊಂಡೆ.

ಅವರ ಊರು ನೂಲಿನ ಗಿರಣಿಗಳ ಊರು. ಅವರ ತಾಯಿ ಅಲ್ಲಿಯ ಒಂದು ಗಿರಣಿಯಲ್ಲಿ ಮದುವೆಗೆ ಮುಂಚಿನಿಂದ ನೂಲುವ ಯಂತ್ರದ ಮುಂದೆ ನಿಂತವರು. ಮಗಳು ಕಲಾ ಶಾಲೆಯಲ್ಲಿದ್ದಾಗ ಗಿರಣಿ ಮುಚ್ಚಿತು. ಮಗಳು ಜರ್ಮನಿಗೆ ಹೋದರು. ಬೆಳಿಗ್ಗೆ ಆಫೀಸುಗಳ ನೆಲ ಒರೆಸಿ, ಮಧ್ಯಾಹ್ನದ ಮೇಲೆ ಜನ ಬಿಸಾಡಿದ ಸ್ವೆಟರುಗಳನ್ನು ಬಿಚ್ಚಿ, ಆ ನೂಲಿನಿಂದ ಗೋಡೆಗೆ ತೂಗುವ ದೊಡ್ಡ ಬಟ್ಟೆಗಳನ್ನು ಮಾಡಿದರು. ಆರು ವರ್ಷ ಯಾರೂ ನೋಡಲಿಲ್ಲ. ಆಮೇಲೆ ಒಬ್ಬರು ನೋಡಿದರು. ಅಲ್ಲಿಂದ ನಾರ್ವೆ, ಪೋರ್ಚುಗಲ್, ಜಾರ್ಜಿಯಾ, ಹೀಗೆ ಒಂಬತ್ತು ದೇಶ. ಎಲ್ಲಿ ಹೋದರೂ ಆ ಊರಿನಲ್ಲಿ ಯಾರೂ ಕೊಳ್ಳದ ಕುರಿಯ ಉಣ್ಣೆಯನ್ನೇ ಹಿಡಿಯುವುದು, ಅಲ್ಲಿಯವರ ಜೊತೆ ಕೂತು ಕೆಲಸ ಮಾಡುವುದು. ದೊಡ್ಡ ಊರುಗಳ ಸಂಗ್ರಹಾಲಯಗಳಲ್ಲಿ ಅವರ ಕೆಲಸ ಇದೆ. ಪಕ್ಕದಲ್ಲಿ ಹಾಕುವ ಚೀಟಿಯಲ್ಲಿ "ಪೋಲೆಂಡಿನ ಕಲಾವಿದೆ" ಎಂದು ಬರೆದಿರುತ್ತದಂತೆ. ಪೋಲೆಂಡಿನಲ್ಲಿ ಮಾತ್ರ ಒಂದೂ ಇಲ್ಲ. ಅಲ್ಲಿಯವರು ಇವಳು ಹೊರಗಿನವಳಾದಳು ಅಂದುಕೊಂಡರು. ಇವರೂ ಹೋಗಿ ಕೇಳಲಿಲ್ಲ.

ತಾಯಿ ಮಗಳ ಕೆಲಸ ನೋಡಿದ್ದು ಫೋಟೋದಲ್ಲಿ ಮಾತ್ರ. ಫೋಟೋದಲ್ಲಿ ನೂಲು ಗೊತ್ತಾಗುವುದಿಲ್ಲ, ನೀನು ಏನು ಮಾಡುತ್ತೀಯೋ ನನಗೆ ತಿಳಿಯದು ಎನ್ನುತ್ತಿದ್ದರಂತೆ. ನೂಲನ್ನು ಬೆರಳಲ್ಲಿ ತಿರುವಿ ನೋಡಿ ಹೇಳುವ ಹೆಂಗಸು. ಆಗಲೇ ಎಂಬತ್ತು ದಾಟಿತ್ತು. ಗಿರಣಿಯ ಹತ್ತಿಯ ಧೂಳು ಕುಡಿದು ಶ್ವಾಸಕೋಶ ಹಾಳಾಗಿತ್ತು, ಕಣ್ಣು ಮುಕ್ಕಾಲು ಪಾಲು ಹೋಗಿತ್ತು.

ಈ ನಡುವೆ ಆ ಮುಚ್ಚಿದ ಗಿರಣಿಯನ್ನೇ ಕಲಾ ಕೇಂದ್ರ ಮಾಡಿದರು. ಇವರಿಗೆ ಕರೆ ಬಂತು. ಮಹಡಿಗಳನ್ನು ತೆಗೆದು ಒಂದೇ ಎತ್ತರದ ಹಜಾರ ಮಾಡಿದ್ದಾರೆ. ತಾಯಿ ನಿಂತು ಕೆಲಸ ಮಾಡಿದ ಜಾಗದ ಮೇಲೆ ಇವರ ಬಟ್ಟೆ ತೂಗಬೇಕು. ಗಂಜಿ ಇಲ್ಲದ ಉಣ್ಣೆ ತನ್ನ ಭಾರಕ್ಕೆ ತಾನೇ ದಿನದಿನವೂ ಇಷ್ಟಿಷ್ಟೇ ಇಳಿದು, ಪ್ರದರ್ಶನದ ಕೊನೆಯ ಹೊತ್ತಿಗೆ ನೆಲ ಮುಟ್ಟಬೇಕು. ಮೊದಲ ದಿನ ತಾಯಿ ಗಾಲಿ ಕುರ್ಚಿಯಲ್ಲಿ ಬಂದು ಅದರ ತುದಿ ಹಿಡಿದು ನೋಡಬೇಕು. ಪ್ರದರ್ಶನ ನವೆಂಬರಿಗೆ ಎಂದು ಗೊತ್ತಾಗಿತ್ತು.

"ಅಮ್ಮ ಮುಟ್ಟಿದರೆ ಸಾಕು. ಆಮೇಲೆ ಯಾರು ನೋಡಿದರೂ ಬಿಟ್ಟರೂ ಒಂದೇ," ಎಂದು ಅವರು ಹೇಳಿದ್ದು ಜನವರಿ ಹದಿನೇಳರಂದು, ಬಸ್ಸು ಹಿರಿಯೂರು ಸ್ಟ್ಯಾಂಡಿಗೆ ತಿರುಗುವಾಗ.

ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ಕೇಳಿದ್ದು ಒಂದೇ.

"ಅವರವ್ವ ನೂಲೋಳಾ?"

"ಹೌದಜ್ಜಿ."

"ಹಂಗಾದ್ರೆ ಇದು ನಮ್ಮನೆಯಿಂದ ಇನ್ನೊಂದು ನೂಲೋರ ಮನೆಗೆ ಹೋಗಾ ಹೆಣ್ಣು."

ಆ ದಿನದಿಂದ ನೂಲು ಇನ್ನೂ ಸಣ್ಣಗಾಯಿತು. ನಾವು ಹೋದಾಗಲೆಲ್ಲ ಅಜ್ಜಿ "ಅವ್ವ ಹೆಂಗದಾರೆ?" ಅನ್ನುವರು. ಪೋಲೆಂಡಮ್ಮ ಫೋನಿನಲ್ಲಿ ತಾಯಿಯ ಫೋಟೋ ತೋರಿಸುವರು. ಅಜ್ಜಿ ಮುಖ ಬಿಟ್ಟು ಕೈಬೆರಳುಗಳನ್ನು ದೊಡ್ಡದು ಮಾಡಿಸಿಕೊಂಡು ನೋಡುವರು.

ಜೂನ್ ಮುಗಿಯುವ ಹೊತ್ತಿಗೆ ಹನ್ನೊಂದು ಪಟ್ಟಿಗಳು ಆದವು. ಅವುಗಳನ್ನು ಚಿತ್ರದುರ್ಗದಲ್ಲಿ ಒಂದು ಹಳೆಯ ಹತ್ತಿ ಜಿನ್ನಿಂಗ್ ಮಿಲ್ಲಿನ ತೊಲೆಗೆ ಎರಡು ದಿನ ತೂಗಿ ನೋಡಿದೆವು. ಮಿಲ್ಲು ಕಾಯುವವನು ಬಂದು, ತಲೆ ಎತ್ತಿ ನೋಡಿ, "ಇದೇನು, ಮಳೆ ಮೋಡ ಒಣಗಾಕಿದೀರಾ?" ಅಂದ. ಪೋಲೆಂಡಮ್ಮ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ ತುಂಬ ಹೊತ್ತು ನೋಡಿದರು. ಆಮೇಲೆ ಹನ್ನೊಂದನ್ನೂ ಅವರೇ ಸುತ್ತಿ, ಹೊಳಲ್ಕೆರೆಯ ಬಡಗಿಯ ಅಂಗಡಿಗೆ ಕಳಿಸಿದರು. ಅವನು ಹಡಗಿಗೆ ಹಾಕುವ ಮರದ ಪೆಟ್ಟಿಗೆ ಮಾಡುತ್ತಿದ್ದ.

ಹನ್ನೆರಡನೆಯದು ತಡವಾಯಿತು. ಅಜ್ಜನಿಗೆ ತೋಳು ನೋವು. ಜುಲೈ ಕೊನೆಯ ವಾರ ಪೋಲೆಂಡಮ್ಮ ವೀಸಾದ ಕಾಗದಗಳಿಗಾಗಿ ಬೆಂಗಳೂರಿಗೆ ಹೋಗಬೇಕಾಯಿತು. ನನ್ನನ್ನೂ ಕರೆದುಕೊಂಡು ಹೋದರು. ನಾವು ಅಲ್ಲಿರುವಾಗಲೇ ಅಜ್ಜಿ ಮನೆಯವರು ಹನ್ನೆರಡನೆಯ ಪಟ್ಟಿ ಮುಗಿಸಿ, ಸುತ್ತಿ, ಬಿಳಿ ಬಟ್ಟೆಯೊಳಗೆ ಹಾಕಿ ಹೊಲಿದು, ಟೆಂಪೋದಲ್ಲಿ ಹೊಳಲ್ಕೆರೆಗೆ ಮುಟ್ಟಿಸಿದ್ದರು. ನಾವು ಬಂದಾಗ ಅದು ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ಹೊಲಿಗೆಯನ್ನು ಕರಿ ಉಣ್ಣೆಯ ನೂಲಿನಲ್ಲೇ ಹಾಕಿದ್ದರು, ಇರುವೆ ಸಾಲು ಹೋದಂತೆ ಇತ್ತು.

"ಬಿಚ್ಚಿ ನೋಡ್ತೀರೇನ್ರಿ ಮೇಡಂ?" ಅಂದ ಬಡಗಿ.

ಅವರು ಆ ಹೊಲಿಗೆಯ ಮೇಲೆ ಬೆರಳಾಡಿಸಿದರು. ಇದನ್ನು ಅಮ್ಮನೇ ಬಿಚ್ಚಲಿ ಎಂದರು. ಬಡಗಿ ಮೊಳೆ ಹೊಡೆದ. ಕಾಗದಗಳಲ್ಲಿ ತೊಳೆದ ಉಣ್ಣೆಯ ಬಟ್ಟೆ, ಬೇರೇನೂ ಇಲ್ಲ ಎಂದು ಬರೆದು ಅವರು ರುಜು ಹಾಕಿದರು. ಆಗಸ್ಟ್ ಎರಡನೆಯ ವಾರ ಪೆಟ್ಟಿಗೆ ಹೋಯಿತು. ಅವರೂ ಹೋದರು. ಹೊರಡುವ ಮುನ್ನ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಲು ಬಾಗಿ, ಸೊಂಟ ಹಿಡಿದು, ಅರ್ಧದಲ್ಲೇ ನಿಂತರು. ಅಜ್ಜಿ ಅವರನ್ನು ಎತ್ತಿ, "ನಿಂಗೂ ವಯಸ್ಸಾತು ಬಿಡು ತಾಯಿ," ಅಂದರು.

ಸೆಪ್ಟೆಂಬರ್ ಇಪ್ಪತ್ತಾರರಂದು ಫೋನಿಗೆ ನಾಲ್ಕು ಚಿತ್ರಗಳು ಬಂದವು. ಯೂರೋಪಿನ ಬಂದರಿನಲ್ಲಿ ತಪಾಸಣೆಯವರು ತೆಗೆದದ್ದು. ಬಿಳಿ ಬಟ್ಟೆ ಕತ್ತರಿಸಿದೆ. ಕರಿ ಪಟ್ಟಿಯ ಮಡಿಕೆಯೊಳಗೆ ಕೆಂಪು ರವಿಕೆ ಕಣದ ಗಂಟು. ಗಂಟು ಬಿಚ್ಚಿದೆ. ಅಕ್ಕಿ, ಅದರ ತುಂಬ ಹುಳ. ಅರಿಶಿನದ ಕೊಂಬು. ಅಡಿಕೆ. ಒಂದು ತೆಂಗಿನಕಾಯಿ, ಒಡೆದು, ಕರಿ ಬೂಸು ಹಿಡಿದು ಸೋರಿದೆ. ಕೆಳಗೆ ಪೋಲೆಂಡಮ್ಮ ಒಂದೇ ಮಾತು ಬರೆದಿದ್ದರು: ಇದೇನು?

ನೋಡಿದ ಕೂಡಲೇ ನನಗೆ ತಿಳಿಯಿತು. ಯಾವ ಕನ್ನಡದ ಹೆಂಗಸಿಗೂ ತಿಳಿಯುತ್ತದೆ. ಅದು ಮಡಿಲಕ್ಕಿ. ಮಗಳು ತವರಿನಿಂದ ಹೊರಟಾಗ ಬರಿ ಮಡಿಲಲ್ಲಿ ಕಳಿಸುವುದಿಲ್ಲ.

ಮರುದಿನ ಬೆಳಿಗ್ಗೆ ಹಿರಿಯೂರಿಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ನನ್ನ ಕೈಯ ಫೋನಿನಲ್ಲಿ ಕೆಂಪು ಕಣ ಕಂಡರು.

"ಸಿಕ್ತಾ? ಅವರವ್ವ ಬಿಚ್ಚಿದ್ರಾ?"

"ಇಲ್ಲಜ್ಜಿ."

"ಕಾಯಿ ದೊಡ್ಡದಿತ್ತು ನೋಡು, ಸುತ್ತಾಕೆ ಬರ್ತಿರ್ಲಿಲ್ಲ. ನಿಮ್ಮಜ್ಜ ಬ್ಯಾಡ ಬಿಡು ಅಂದ. ಬರೇ ಅಕ್ಕಿ ಹೆಂಗೆ ಕಳಿಸಾದು?"

ನಾನು ಕೂತು ಹೇಳಿದೆ. ಬೇರೆ ದೇಶಕ್ಕೆ ಕಾಳು, ಕಾಯಿ ಹೇಳದೆ ಹೋಗುವಂತಿಲ್ಲ, ಹುಳ ಬಿದ್ದರೆ ಅಲ್ಲಿ ಪೆಟ್ಟಿಗೆಯನ್ನೇ ಸುಡುತ್ತಾರೆ, ಹುಳ ಉಳಿದ ಪಟ್ಟಿಗಳಿಗೂ ಇಳಿದಿರಬಹುದು ಎಂದೆ. ಅಜ್ಜಿ ಒಂದು ಸಲಕ್ಕೆ ಒಪ್ಪಲಿಲ್ಲ.

"ಅಕ್ಕಿ ಕೇರಿ ಹಾಕಿದ್ನಲ್ಲ. ಒಂದು ಹುಳ ಇರ್ಲಿಲ್ಲ."

"ಒಂದೂವರೆ ತಿಂಗಳಾತಲ್ಲಜ್ಜಿ. ಹಡಗಿನಾಗೆ ಸೆಖೆ."

"ಒಂದೂವರೆ ತಿಂಗಳಾ? ನಾನು ವಿಮಾನ ಅನ್ಕಂಡಿದ್ದೆ. ಅವರು ವಿಮಾನದಾಗೆ ಹೋದ್ರಲ್ಲ."

ಅಜ್ಜ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. "ಗಂಜಿ ಬ್ಯಾಡ ಅಂದ್ರು, ಹಚ್ಚಲಿಲ್ಲ," ಅಂದರು. "ಇದು ಬ್ಯಾಡ ಅಂತ ಅವರು ಹೇಳಲಿಲ್ಲ."

ಅದು ನಿಜ. ಅವರಿಗೆ ಹೇಗೆ ಗೊತ್ತಾಗಬೇಕು, ಬೇಡ ಅನ್ನಬೇಕಾದ ಒಂದು ವಸ್ತು ಇದೆ ಎಂದು?

ಪೋಲೆಂಡಮ್ಮನಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಮಡಿಲಕ್ಕಿ ಎಂದರೇನು, ಯಾರು ಯಾರಿಗೆ ಕೊಡುತ್ತಾರೆ, ಅಜ್ಜಿ ಅದನ್ನು ಯಾರಿಗೆಂದು ಇಟ್ಟರು ಎಂದು.  ಮೂರನೆಯ ದಿನ ಉತ್ತರ ಬಂತು. ಅಜ್ಜಿಗೆ ಬೈಯಬೇಡ ಎಂದಿದ್ದರು. ಬಂದರಿನವರ ಹತ್ತಿರ ಬೇಡಿಕೊಂಡಿದ್ದಾರೆ, ಆಗಲಿಲ್ಲ, ಹನ್ನೆರಡನ್ನೂ ಸುಟ್ಟರಂತೆ. ಕಾಗದದಲ್ಲಿ ಬೇರೇನೂ ಇಲ್ಲ ಎಂದು ತಾವೇ ರುಜು ಹಾಕಿದ್ದರಿಂದ ತಾವು ಸುಳ್ಳುಗಾರ್ತಿಯಾದರಂತೆ. ಹಜಾರವನ್ನು ಇನ್ನೊಬ್ಬರಿಗೆ ಕೊಟ್ಟಿದ್ದಾರೆ. ಮುಂದಿನ ವರ್ಷಕ್ಕೆ ಕರೆದಿದ್ದ ಬೇರೆ ಎರಡು ಕಡೆಯವರು ಈಗ ಪತ್ರಕ್ಕೆ ಉತ್ತರ ಕೊಡುತ್ತಿಲ್ಲ. ಕೊನೆಯಲ್ಲಿ ಹೀಗಿತ್ತು: "ಅಕ್ಕಿ, ಕಾಯಿಯ ವಿಷಯ ಅಮ್ಮನಿಗೆ ಹೇಳಿದೆ. ಅಮ್ಮ ನಕ್ಕರು. ಬಟ್ಟೆ ಸುಟ್ಟರು ಅಂತ ಹೇಳಿಲ್ಲ. ಇನ್ನೂ ಹಡಗಿನಲ್ಲಿದೆ ಅಂದುಕೊಂಡಿದ್ದಾರೆ."

ಅಜ್ಜಿಗೆ ಇದನ್ನು ಓದಿ ಹೇಳಿದಾಗ ಅವರು ಅಳಲಿಲ್ಲ. ಅಜ್ಜನ ಕಡೆ ತಿರುಗಿ, "ಏಳು. ಹಾಸು ಹೂಡು," ಅಂದರು. ಅಂದರೆ ಮಗ್ಗಕ್ಕೆ ಹೊಸ ನೂಲು ಕಟ್ಟು ಎಂದು. ಅಜ್ಜ ತಮ್ಮ ತೋಳು ಮುಟ್ಟಿಕೊಂಡು ನೋಡಿದರು. ಅಕ್ಟೋಬರ್ ಆರರಂದು ಹೂಡಿದರು.

ಹನ್ನೆರಡು ಪಟ್ಟಿಗೆ ಎಷ್ಟು ದಿನ ಬೇಕು ಎಂದು ಪೋಲೆಂಡಮ್ಮ ಕೇಳಿದರು. ಎಂಟು ತಿಂಗಳು ಎಂದೆ. "ಅಮ್ಮನಿಗೆ ಅಷ್ಟು ದಿನ ಇಲ್ಲ," ಎಂದು ಬರೆದರು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಆಗಲೇ ವಾರವಾಗಿತ್ತು.

ಹಾಗಾದರೆ ಒಂದು ಅಂಗೈ ಅಗಲದ ತುಂಡನ್ನಾದರೂ ಕಳಿಸೋಣ ಎಂದು ನಾನು ಅಂದೆ. ಅಜ್ಜ ಒಪ್ಪಲಿಲ್ಲ. ಮಗ್ಗದ ಮೇಲಿನದನ್ನು ನಡುವೆ ಕೊಯ್ಯುವುದು ಅವರಲ್ಲಿ ಇಲ್ಲ, ಪಟ್ಟಿ ಪೂರ್ತಿಯಾಗಿ ಇಳಿಯಬೇಕು.  ಮರುದಿನ ಅಜ್ಜಿ ಅಂದರು:

"ಅಲ್ಲಿ ಆ ಮುದುಕಿ ಉಸಿರು ಹಿಡ್ಕಂಡು ಕುಂತಾಳೆ. ನೀನು ಇಲ್ಲಿ ಶಾಸ್ತ್ರ ಹೇಳ್ತಾ ಕುಂತೀಯ?"

"ನಿನ್ ಶಾಸ್ತ್ರದಿಂದ್ಲೇ ಅಲ್ವೇನೇ ಹಿಂಗಾಗಿದ್ದು?" ಅಂದರು ಅಜ್ಜ.

 ಆ ಮನೆಯಲ್ಲಿ ಆ ಮಾತು ಮತ್ತೆ ಬಂದದ್ದನ್ನು ನಾನು ಕೇಳಿಲ್ಲ. ಆದರೆ ಅಂದಿನಿಂದ ಅಜ್ಜಿ ಊಟಕ್ಕೆ ಕರೆಯುವುದನ್ನು ಬಿಟ್ಟರೆ ಅಜ್ಜನೊಂದಿಗೆ ಹೆಚ್ಚು ಮಾತಾಡುವುದಿಲ್ಲ. ಅಜ್ಜ ಆ ಸಂಜೆಯೇ ಕುಣಿಗೆ ಇಳಿದು, ಮಗ್ಗದ ಮೇಲಿನ ಪಟ್ಟಿಯ ತುದಿ ಕೊಯ್ದು ನನ್ನ ಕೈಗೆ ಕೊಟ್ಟರು. ಕೊಡುವಾಗ ಮುಖ ಬೇರೆ ಕಡೆ ಇತ್ತು. ನಾನು ಅದನ್ನು ಎರಡು ಸಲ ತೊಳೆದು, ಒಣಗಿಸಿ, ಬಿಳಿ ಹಾಳೆಯಲ್ಲಿ ಮಡಿಸಿ, ಒಂದೇ ಒಂದು ದಾರದ ಎಳೆ ಕೂಡ ಬೇರೆಯದು ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ನವೆಂಬರ್ ಮೂರರಂದು ಚಿತ್ರದುರ್ಗದ ಅಂಚೆ ಕಚೇರಿಯಿಂದ ಕಳಿಸಿದೆ. ನವೆಂಬರ್ ಹದಿನಾಲ್ಕಕ್ಕೆ ಅದು ಪೋಲೆಂಡಿಗೆ ಮುಟ್ಟಿದೆ ಎಂದು ಫೋನಿನಲ್ಲಿ ತೋರಿಸಿತು. ಮುಂದೆ ಸುಂಕದವರ ಹತ್ತಿರ ಇದೆ ಎಂದಿತ್ತು. ಆಮೇಲೆ ಆ ಸಾಲು ಬದಲಾಗಲೇ ಇಲ್ಲ.

ಡಿಸೆಂಬರ್ ಒಂದನೆಯ ತಾರೀಖು ಪೋಲೆಂಡಮ್ಮನಿಂದ ಬಂದ ಸಂದೇಶ ಇದು: "ಅಮ್ಮ ಶುಕ್ರವಾರ ಹೋದರು. ಇನ್ನೇನೂ ಕಳಿಸಬೇಡ. ಎಲ್ಲರಿಗೂ ಹೇಳು."

ನವೆಂಬರ್ ಹದಿನಾಲ್ಕಕ್ಕೂ ಆ ಶುಕ್ರವಾರಕ್ಕೂ ನಡುವೆ ಎರಡು ವಾರ ಇದೆ. ತುಂಡು ಕೈಗೆ ಬಂದಿತೇ ಎಂದು ಕೇಳಿದೆ. ಉತ್ತರವಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಕೇಳಿದೆ. ಆ ನಂಬರು ಈಗ ಇಲ್ಲ. ಇಮೇಲ್ ವಾಪಸು ಬರುತ್ತದೆ. ಅವರ ಕೆಲಸಗಳ ಚಿತ್ರವಿದ್ದ ಜಾಲತಾಣ ತೆರೆಯುವುದಿಲ್ಲ. ಗಿರಣಿಯ ಕೇಂದ್ರಕ್ಕೆ ಬರೆದೆ. ಅವರು ನಮ್ಮೊಂದಿಗೆ ಸಂಪರ್ಕದಲ್ಲಿಲ್ಲ ಎಂದು ಎರಡು ಸಾಲು ಬಂತು.

ಅಜ್ಜ ನೇಯುವುದನ್ನು ನಿಲ್ಲಿಸಿಲ್ಲ. ಕೊಯ್ದ ಪಟ್ಟಿಯನ್ನು ಪಕ್ಕಕ್ಕಿಟ್ಟು ಬೇರೆ ಹೂಡಿದರು. ಹೋದ ಗುರುವಾರ ಹೋದಾಗ ಆರು ಮುಗಿದಿದ್ದವು. ಒಂದಕ್ಕೂ ಗಂಜಿ ಹಚ್ಚಿಲ್ಲ. ಬೇವಿನ ಸೊಪ್ಪು ಹಾಕಿ ಇಟ್ಟಿದ್ದಾರೆ, ಆದರೂ ಕೆಳಗಿನದಕ್ಕೆ ನುಸಿ ಹಿಡಿಯಲು ಶುರುವಾಗಿದೆ. ಯಾರಿಗೆ ನೇಯುತ್ತಿದ್ದೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಹೊರಡುವಾಗ ಅಜ್ಜಿ ಬೀದಿಯವರೆಗೂ ಬಂದರು. ಈಗ ಪ್ರತಿ ಸಲ ಕೇಳುವುದನ್ನೇ ಕೇಳಿದರು.

"ಅವರವ್ವ ಮುಟ್ಟಿದ್ರಂತಾ?"

"ಗೊತ್ತಾಗಿಲ್ಲಜ್ಜಿ."

"ಇಲ್ಲ ಅಂದ್ರೆ ಇಲ್ಲ ಅಂತಾದ್ರೂ ಗೊತ್ತಾಗ್ಲಿ."

ಪೋಲೆಂಡಿನಲ್ಲಿ ಓದುತ್ತಿರುವ, ದುಡಿಯುತ್ತಿರುವ ಕನ್ನಡಿಗರು ಇದ್ದಾರೆಂದು ಕೇಳಿದ್ದೇನೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ, ಅಥವಾ ಈ ಕಲಾವಿದೆ ಈಗ ಯಾವ ದೇಶದಲ್ಲಿದ್ದಾರೆ, ಕೆಲಸ ಮಾಡುತ್ತಿದ್ದಾರೋ ಬಿಟ್ಟಿದ್ದಾರೋ ಎಂದು ಬಲ್ಲವರು ಇದ್ದರೆ, ಈ ಬರಹ ಪ್ರಕಟವಾದ ಕಡೆಗೇ ಒಂದು ಸಾಲು ಬರೆಯಿರಿ. ಕಲಾವಿದೆಯ ಹೆಸರು, ತುಂಡು ಕಳಿಸಿದ ಅಂಚೆ ರಸೀದಿಯ ಸಂಖ್ಯೆ ನನ್ನ ಹತ್ತಿರ ಇವೆ, ಬರೆದವರಿಗೆ ತಿಳಿಸುತ್ತೇನೆ. ಅವರನ್ನು ತೊಂದರೆಪಡಿಸುವ ಉದ್ದೇಶವಿಲ್ಲ. ಆ ಎರಡು ವಾರಗಳಲ್ಲಿ ಅಂಗೈ ಅಗಲದ ಕರಿ ಉಣ್ಣೆಯ ತುಂಡು ಸುಂಕದವರಿಂದ ಬಿಡುಗಡೆಯಾಗಿ ಆ ಆಸ್ಪತ್ರೆಗೆ ಹೋಯಿತೇ, ಇಲ್ಲವೇ? ಹೌದು ಎಂದಾದರೂ ಬರೆಯಿರಿ, ಇಲ್ಲ ಎಂದಾದರೂ ಬರೆಯಿರಿ.